ಅತ್ತೆ ಒಲ್ಲೆ ಅಂದ ಕಿಡ್ನಿ

ದೇವರೆತ್ತಿನಾಣೆ, ಒಂದಕ್ಷರನೂ ಸುಳ್ಳಲ್ಲ, ಗಾಜಿನ ಆ ಕಡೆ ಗಂಗಲಕ್ಷ್ಮಿ ರಗತ ನಳಿಗೆಯಾಗೆ ಹೊರಗೆ ಬಂದು, ಮಿಷಿನ್ನಿನಾಗೆ ಒಂದು ಸುತ್ತು ಹಾಕಿ, ಮತ್ತೆ ಆಕೆ ತೋಳಿನೊಳಗೆ ಹೋಗ್ತೈತೆ, ಕಾವಲಿಗೆ ಮೇಯಾಕೆ ಹೋದ ಕುರಿ ಸಂಜೀಕೆ ಹಟ್ಟಿಗೆ ಬಂದಂಗೆ — ಅಂತ ಗಾದ್ರಪ್ಪ ಆಣೆ ಮಾಡ್ದ, ಯಾರಿಗೆ, ಯಾರಿಗೂ ಇಲ್ಲ, ಚಳ್ಳಕೆರೆ ಆಸ್ಪತ್ರೆ ಡಯಾಲಿಸಿಸ್ ರೂಮಿನ ಹೊರಗಿನ ಬೆಂಚಿನ ಮ್ಯಾಲೆ ಅವನೊಬ್ನೇ, ಬಾಯಿ ಕೂಡ ಬಿಟ್ಟಿಲ್ಲ, ಸುಳ್ಳು ಹೇಳೋನಿಗೆ ಆಣೆ ಅನ್ನೋದು ಬೀಡಿ ಇದ್ದಂಗೆ, ಸುಮ್ನೆ ಕುಂತ್ರೆ ನೆನಪಾಗ್ತೈತೆ. ಗಂಗಲಕ್ಷ್ಮಿ ಅವನ ಒಡಹುಟ್ಟಿದ ಅಕ್ಕ, ಅವನ ಹೆಂಡ್ತಿ ಶಿಲ್ಪನ ಹೆತ್ತವ್ವ, ಅಂದ್ರೆ ಅತ್ತೆನೂ ಹೌದು, ಅಕ್ಕನ ಮಗಳನ್ನ ಮಾಡ್ಕಂಡೋನಿಗೆ ಇದರಾಗೆ ಅಂಥಾ ಸೋಜಿಗ ಏನೈತೆ, ಮೊಳಕಾಲ್ಮೂರು ಕಡೆ ಯಾರ ಮನೆ ಬಾಗ್ಲು ತಟ್ಟಿದ್ರೂ ಒಳಗಿಂದ ಅಂಥಾ ಅತ್ತೆ ಒಬ್ಳು ಬರ್ತಾಳೆ. ಆಕೆ ಕಿಡ್ನಿ ಎರಡೂ ಕೆಟ್ಟವೆ, ಇವನವು ಎರಡೂ ನೆಟ್ಟಗವೆ, ಒಂದು ಕೊಡ್ತೀನಿ ಅಂದ, ಬೆಂಗಳೂರಿನ ದೊಡ್ಡಾಸ್ಪತ್ರೆಯೋರು ಎಲ್ಲಾ ನೋಡಿ ಹೊಂದ್ತೈತೆ ಅಂದ್ರು, ಅಲ್ಲಿಗೆ ಕಥೆ ಮುಗೀಬೇಕಿತ್ತಪ್ಪ, ಮುಗೀಲಿಲ್ಲ, ಮೊದ್ಲು ನಂಬೋರೇ ಗತಿ ಇಲ್ಲ. ಮೊಳಕಾಲ್ಮೂರಿನಾಗೆ ಟೀ ಅಂಗಡಿ ಗಂಗರಾಜು, ರಾಯದುರ್ಗದ ಕಡೆಯೋನು, ಗ್ಲಾಸು ತೊಳೀತಾ ತೆಲುಗಿನಾಗೆ, ಇದಿ ಕೂಡಾ ರಾಕೆಟ್ಟೇನಾ ಅನ್ನಾ, ಇದೂ ಆ ರಾಕೆಟ್ಟಿನಂಥದ್ದೇನಾ ಅಂದ, ಯಾಕಂದ್ರೆ ಹೋದ ವರ್ಷ ಇದೇ ಗಾದ್ರಪ್ಪ ಅದೇ ಅಂಗಡ್ಯಾಗೆ ಕುಂತು, ಕುದಾಪುರದ ವಿಜ್ಞಾನಿಗಳು ತಂತಿ ಬೇಲಿ ಒಳಗಿಂದ ನಮ್ಮತ್ತೆ ಟಗರನ್ನ ರಾಕೆಟ್ಟಿನಾಗೆ ಮ್ಯಾಲಕ್ಕೆ ಹಾರಿಸಿದ್ರು, ಇಳಿದು ಬಂದಾಗ ಉಣ್ಣೆ ಎಲ್ಲ ಗುಂಗುರಾಗಿತ್ತು ಅಂದಿದ್ದ, ಅದನ್ನ ನಂಬಿದ್ರು ನನ್ಮಕ್ಳು, ಇಬ್ರು ನೋಡಾಕೂ ಹೋಗಿ ಬಂದ್ರು, ಕಿಡ್ನಿ ಮಾತ್ರ ನಂಬಲಿಲ್ಲ.

ನಂಬದಿದ್ದಿದ್ದು ಅವರ ತಪ್ಪೂ ಅಲ್ಲ ಬಿಡು, ಈ ಬೆಂಚಿನ ಮ್ಯಾಲೆ ಎಷ್ಟು ದಿನ ಆಯ್ತು ಕುಂತು, ಕಣ್ಣಾರೆ ನೋಡ್ತಾವ್ನೆ, ಇದೇ ಮಿಷಿನ್ನಿಗೆ ಬರ್ತಿದ್ದ ಓಬಳೇಶಂಗೆ ಹೆಂಡ್ತಿ ಕಿಡ್ನಿ ಕೊಟ್ಲು, ಈಗ ಬೈಕ್ ಓಡಿಸ್ತಾನೆ, ಮೇಷ್ಟ್ರ ಮಗಂಗೆ ಅವರವ್ವ ಕೊಟ್ಲು, ಮಂಜಮ್ಮಂಗೆ ಯಾರು, ಯಾರೂ ಇಲ್ಲ, ಗಂಡ ಭಾರ ಎತ್ತೋನಂತೆ, ಮಗಂಗೆ ಇನ್ನೂ ಹೆಣ್ಣು ನೋಡ್ಬೇಕಂತೆ, ಸತ್ತೋರ ಕಿಡ್ನಿಗೆ ಹೆಸರು ಬರೆಸವ್ಳೆ, ಒಂದ್ಸಲ ಬೆಂಗಳೂರಿಂದ ಫೋನೂ ಬಂತಂತೆ, ಈಗಿಂದೀಗ ಹೊರಟು ಬನ್ನಿ ಅಂತ, ಆಕೆ ಉಳ್ಳಾರ್ತಿ ಕಾವಲಿನಾಗೆ ದನದ ಹಿಂದೆ ಇದ್ಲು, ಅಲ್ಲಿ ಹುಲ್ಲೈತೆ, ಸಿಗ್ನಲ್ ಎಲ್ಲೈತೆ, ಮನೇಗೆ ಬಂದು ನೋಡೋ ಹೊತ್ಗೆ ಅದು ಬೆಂಗಳೂರಿನಾಗೇ ಇನ್ನೊಬ್ರಿಗೆ ಸೇರಿತ್ತು. ನರ್ಸಮ್ಮ ಸರ್ವಮಂಗಳ ಸೂಜಿ ಚುಚ್ತಾ ಅಂದಿದ್ಲು, ಕೊಡೋರು ಹೆಂಗಸ್ರು, ತಗಳ್ಳೋರು ಗಂಡಸ್ರು, ನೀನೊಬ್ಬ ಏನಪ್ಪಾ ಉಲ್ಟಾ ಹುಟ್ಟೀಯಾ ಅಂತ, ಅವ್ವನೂ ಅದನ್ನೇ ಅಂತಿದ್ಲು, ಕಾಲು ಮುಂದಾಗಿ ಬಂದೋನು ನೀನು, ಊರು ಸುತ್ತೋ ಆಸೆಗೆ — ಅವ್ವ. ಅವ್ವಂದೇ ಎಲ್ಲ. ಮದುವೆ ದಿನ ಬಾಸಿಂಗ ಕಟ್ಟೋವಾಗ ಕಿವ್ಯಾಗೆ ಹೇಳಿದ್ಲು, ಇವತ್ತಿಂದ ಅಕ್ಕ ಅನ್ಬ್ಯಾಡ, ಮಗಳನ್ನ ಕೊಟ್ಟೋಳು, ಅತ್ತೆ ಅನ್ನು. ಅಂದ. ಆಕೆನೂ ಅವತ್ತೇ ಲೇ ಅನ್ನೋದು ಬಿಟ್ಲು, ಸೊಂಟದ ಮ್ಯಾಲೆ ಹೊತ್ಕಂಡು ಕಾವಲು ಸುತ್ತಿಸಿದೋಳು, ಮೂಗು ಒರೆಸಿದೋಳು, ಸೆರಗು ತಲೆ ಮ್ಯಾಲೆ ಎಳ್ಕಂಡು ಬಾಗಿಲ ಹಿಂದೆ ನಿಂತು ಬರ್ರಿ ಕುಂತ್ಕಳ್ರಿ ಅಂದ್ಲು, ಅವತ್ತಿಂದ ಈವತ್ತಿನ ತಂಕ ಅದೇ ಸೆರಗು, ಅವನು ಕುಂತ ಕಡೆ ಕೂರಲ್ಲ, ಬಸ್ಸಿನಾಗೆ ಅವನು ಮುಂದೆ ಆಕೆ ಹಿಂದೆ, ಸುಸ್ತಾಗಿ ಕಣ್ಣು ಮ್ಯಾಲಾದ್ರೂ ಕೈ ಮಾತ್ರ ಸೆರಗಿಗೇ ಹೋಗ್ತೈತೆ.

ಬೆಂಗಳೂರಿನಾಗೆ ಕಮಿಟಿ ಮುಂದೆ ಕುಂತಾಗ್ಲೂ ಅದೇ ಸೆರಗು. ವಿಡಿಯೋ ಬ್ಯಾರೆ ತೆಗೀತಿದ್ರು. ಕನ್ನಡಕದ ಮೇಡಮ್ಮು ಕೇಳಿದ್ರು, ಇವರು ನಿಮಗೆ ಏನಾಗ್ಬೇಕು, ಹುಟ್ಟಿದಾಗಿಂದ ಸುಳ್ಳು ಹೇಳ್ಕಂಡು ಬಂದೋನು ಅವತ್ತೊಂದಿನ ನೆಟ್ಟಗೆ ನಿಜ ಹೇಳ್ದ, ನಮ್ಮತ್ತೆ ಮೇಡಂ. ಮೇಡಮ್ಮಿನ ಪೆನ್ನು ನಿಂತು ಹೋಯ್ತು. ಅರ್ಜಿಯಾಗೆ ಅಕ್ಕ ಅಂತೈತಲ್ಲ. ಅಕ್ಕನೂ ಹೌದು. ಶಿಲ್ಪನ್ನ ಕರೆದ್ರು, ಇವನು ಏನಾಗ್ಬೇಕಮ್ಮ, ಗಂಡ, ಮತ್ತೆ, ಮಾವ, ಅಂದ್ಲು ಆಕೆ ತಲೆ ತಗ್ಗಿಸ್ಕಂಡು, ಕಮಿಟಿಯ ಮೂರೂ ಜನ ಇವರನ್ನ ನೋಡಿದ್ದು ಹೆಂಗಂದ್ರೆ ಸಂತ್ಯಾಗೆ ಕದ್ದ ಮ್ಯಾಕೆ ಮಾರಾಕೆ ಬಂದೋರನ್ನ ನೋಡಿದಂಗೆ. ವಯಸ್ಸಾದ ಡಾಕ್ಟ್ರು ಒಬ್ರು ಸಮಾಧಾನದಾಗೆ ಬಿಡಿಸಿ ಹೇಳಿದ್ರು, ಒಡಹುಟ್ಟಿದೋರು ಕೊಟ್ರೆ ದಾರಿ ನೇರ, ಅಳಿಯ ಕೊಟ್ರೆ ದುಡ್ಡಿಗೆ ಕೊಟ್ಟಾನೇನೋ ಅಂತ ಬ್ಯಾರೆ ವಿಚಾರಣೆ, ಬಡವರ ಕಿಡ್ನಿ ಮಾರಾಟ ಆಗ್ಬಾರ್ದು ಅಂತ ಕಾನೂನು, ನಿಮ್ಮ ರಗತ ಒಂದೇ ಹೊಟ್ಟೆದು ಅಂತ ಹೇಳ್ತೈತೆ, ತೊಂದ್ರೆ ಇಲ್ಲ, ಅಂತಂದು ಆಕೆ ಕಡೆ ತಿರುಗಿ, ಒಪ್ಪಿಗೇನಾಮ್ಮ ಅಂದ್ರು. ಸೆರಗಿನ ಒಳಗಿಂದ ಬಂತು ಮಾತು. ಅಳಿಯನ ಕೈಯಿಂದ ತಗಂಬಾರ್ದು ಸ್ವಾಮಿ, ಮಗಳನ್ನ ಧಾರೆ ಎರೆದ ಮನೇಲಿ ಒಂದು ಹೊತ್ತು ಉಣ್ಣಾಕೂ ಹಿಂದೆ ಮುಂದೆ ನೋಡ್ತೀವಿ, ಇದನ್ನ ಹೆಂಗೆ ತಗಳ್ಳಿ, ಒಲ್ಲೆ. ಎದ್ದು ಬಂದ್ಲು. ಹಿಂದಿನ ದಿನದ ತಂಕ ಹೂಂ ಅಂದಿದ್ದೋಳು, ಯಾರ ಬಾಯಿಂದ ಅತ್ತೆ ಅನ್ನೋ ಮಾತು ಬಿದ್ಮ್ಯಾಲೆ ಒಲ್ಲೆ ಅಂದ್ಲು, ಗಾದ್ರಪ್ಪಂಗೆ ಗೊತ್ತು. ತಮ್ಮನ ತಾವ ಆದ್ರೆ ಕಿತ್ಕಂಡೇ ತಿಂತಿದ್ಲು, ಸಣ್ಣೋರಿದ್ದಾಗ ಶೇಂಗಾ ಮಿಠಾಯಿ ಬಾಯೊಳಗಿಂದ ಬೆರಳು ಹಾಕಿ ತೆಗೆದಿಲ್ವಾ.

ನಾಳೆ ಕಮಿಟಿಯೋರು ಬೆಂಗಳೂರಿಗೆ ಇನ್ನೊಂದ್ಸಲ ಕರೆದವ್ರೆ, ನಾಳೆನೂ ಒಲ್ಲೆ ಅಂದ್ರೆ ಮುಗೀತು, ಆಮ್ಯಾಕೆ ಈ ಮಿಷಿನ್ನೇ, ಇದು ಎಷ್ಟು ದಿನ ಎಳೀತೈತೋ ಅಷ್ಟು ದಿನ. ಆಸ್ಪತ್ರೆ ಗೇಟಿಂದ ಬಲಕ್ಕೆ ಹೋದ್ರೆ ಆಕೆ ಊರಿನ ದೊಡ್ಡಉಳ್ಳಾರ್ತಿ ಬಸ್ಸು, ಎಡಕ್ಕೆ ಬೆಂಗಳೂರು ಬಸ್ಸು, ಎತ್ತ ಹೋಗ್ತೀನಿ ಅಂತ ಆಕೆ ಹೇಳಿಲ್ಲ, ಶಿಲ್ಪ ಕೇಳಿ ಅತ್ತು ಆಗೈತೆ, ಇವನು ಕೇಳೋ ಹಂಗಿಲ್ಲ, ಅಳಿಯ. ಅಕ್ಕ ಅಂತ ಒಂದ್ಸಲ ಅಂದು ನೋಡ್ಬೇಕು, ಬಾಯಾಗೆ ತಿರುಗಿಸಿ ನೋಡ್ದ, ಅಕ್ಕ, ಯಾರದೋ ಚಪ್ಲಿ ಹಾಕ್ಕಂಡಂಗೆ ಆತು — ಬಾಗ್ಲು ತೆಗೀತು, ಬಂದ್ಲು, ತೋಳಿಗೆ ಪಟ್ಟಿ, ಒಂದು ಕೈ ಗ್ವಾಡೆಗೆ, ಇನ್ನೊಂದು ಸೆರಗಿಗೆ. ಅಕ್ಕ, ಅಂದ. ಆಕೆ ನಿಂತ್ಲು. ಏನಂದ್ರಿ. ಏನಿಲ್ಲ ಅಕ್ಕ, ಬೆಂಗಳೂರು ಡಾಕ್ಟ್ರು ಒಂದು ಹೇಳಿದ್ರು, ನಿನಗೆ ಹೇಳಿರಲಿಲ್ಲ, ದೇವರೆತ್ತಿನಾಣೆ, ಸ್ಕ್ಯಾನ್ ಮಾಡಿದ್ರೆ ನನ್ನೊಳಗೆ ಮೂರು ಕಿಡ್ನಿ ಅವೆ, ಒಂದು ನಿಂದಂತೆ, ನೀನು ಹುಟ್ಟೋ ಅವಸರದಾಗೆ ಅವ್ವನ ಹೊಟ್ಯಾಗೇ ಮರ್ತು ಬಂದಿದ್ದೆ, ಹತ್ತು ವರ್ಷ ಅಲ್ಲೇ ಬಿದ್ದಿತ್ತು, ನಾನು ಬರೋವಾಗ ಯಾರದೋ ಏನೋ ಅಂತ ಎತ್ಕಂಡು ಬಂದೆ, ಈಗ ನಿನ್ನ ಸಾಮಾನು ನಿನಗೆ ಕೊಟ್ರೆ ಅದನ್ನ ಅಳಿಯ ಕೊಟ್ಟ ಅಂತ ಯಾವನೂ — ಮುಚ್ಚಲೇ ಬಾಯಿ, ಅಂದ್ಲು ಗಂಗಲಕ್ಷ್ಮಿ, ಕಾಲು ಮುಂದಾಗಿ ಬಂದೋನಿಗೆ ಕೈ ಎಲ್ಲಿ ಸಿಕ್ತಲೇ ಎತ್ಕಳ್ಳಾಕೆ, ಅಂತಂದು ನಡೆದೇಬಿಟ್ಲು, ಅವನು ಬೆಂಚಿನ ಮ್ಯಾಲಿಂದಲೇ ನೋಡ್ದ, ಗೇಟು, ಗೇಟಿನಾಚೆ ಬಿಸಿಲು, ಆಕೆ ಎಡಕ್ಕೆ ತಿರುಗಿದ್ಲು, ಗಾಳಿಗೆ ಸೆರಗು ಜಾರಿ ಹೆಗಲಿಗೆ ಬಿತ್ತು, ಈಗ ಕೈ ಹೋಗ್ತೈತೆ, ಈಗ ಹೋಗ್ತೈತೆ, ಹೋಗ್ಲಿಲ್ಲ, ಅರ್ಧ ಬೆಳ್ಳಗಾದ ತುರುಬು, ಬರೀ ತಲೆ, ಬಿಸಿಲಿನಾಗೆ ಅಕ್ಕನ ಬರೀ ತಲೆ