ಕೊಡಲಾಗದ ರಕ್ತ

ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಅವನಿಗೆ ಜೊತೆಯವರು ಇಟ್ಟ ಹೆಸರು ಟೊಮ್ಯಾಟೊ. ಅವನ ಮುಖ ಸದಾ ಕೆಂಪು. ನೋಡಿದವರೆಲ್ಲ ‘ಏನು ಕಳೆ, ಏನು ಆರೋಗ್ಯ!’ ಎನ್ನುವರು. ಮೂಳೆಯೊಳಗಿನ ಮಜ್ಜೆ ಲಂಗುಲಗಾಮಿಲ್ಲದೆ ರಕ್ತಕಣಗಳನ್ನು ಹುಟ್ಟಿಸುತ್ತಿದೆ, ಬಿಸಿನೀರು ತಾಕಿದರೆ ಮೈಯೆಲ್ಲ ಜೀವ ಹೋಗುವಂತೆ ತುರಿಸುತ್ತದೆ, ಆಗಾಗ ಒಂದು ಚೀಲ ರಕ್ತ ತೆಗೆಸದಿದ್ದರೆ ಅದು ನಾಳದಲ್ಲೇ ಹೆಪ್ಪುಗಟ್ಟಬಹುದು ಎಂಬುದು ಹೊರಗಿನವರಿಗೆ ಹೇಗೆ ಕಾಣಬೇಕು? ಅಕ್ಕ-ಭಾವನಿಗೂ ‘ರಕ್ತ ಸ್ವಲ್ಪ ದಪ್ಪ, ಆಗಾಗ ತೆಗೀತಾರೆ’ ಎಂದು ನಕ್ಕು ಮುಗಿಸಿದ್ದ.

ಕಳೆದ ವರ್ಷ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: “ಮೊದಲು ಇದನ್ನ ಬರೀ ರಕ್ತದ ಕಾಯಿಲೆ ಅಂತಿದ್ರು. ಈಗ ನಿಧಾನವಾಗಿ ಬೆಳೆಯೋ ರಕ್ತದ ಕ್ಯಾನ್ಸರ್‌ಗಳ ಗುಂಪಿಗೆ ಸೇರಿಸಿದ್ದಾರೆ, ಹಾಗಾಗಿ ನಿಮ್ಮಿಂದ ತೆಗೆದ ರಕ್ತ ಬೇರೆ ಯಾರಿಗೂ ಕೊಡೋ ಹಾಗಿಲ್ಲ. ಗುಂಪು ಬದಲಾಗಿದೆ ಅಷ್ಟೇ, ನಿಮ್ಮ ಕಾಯಿಲೆ ಇದ್ದ ಹಾಗೇ ಇದೆ.”

ಅವನಿಗೆ ಅರ್ಥವಾಗದ ಮಾತಲ್ಲ. ಕಂಪನಿಯವರು ಬಣ್ಣದ ಹೆಸರು ಬದಲಿಸಿದರೆ ಡಬ್ಬಿಯೊಳಗಿನದು ಬದಲಾಗದು. ಆದರೂ ಹೊಸ ಹೆಸರು ಓದಿದ ಗಿರಾಕಿ ‘ಇದಲ್ಲ’ ಎಂದು ವಾಪಸ್ಸು ತಂದಿಡುತ್ತಾನೆ. ಅಮ್ಮನನ್ನು ಒಯ್ದದ್ದು ಕ್ಯಾನ್ಸರ್ ಎಂಬ ಇದೇ ಹೆಸರಿನ ಬೇರೊಂದು ಕಾಯಿಲೆ. ಕೊನೆಯವರೆಗೂ ಅವಳನ್ನು ಎತ್ತಿ ಇಳಿಸಿದವಳು ಅಕ್ಕ. ಇಂದಿಗೂ ಆ ಶಬ್ದ ಕಿವಿಗೆ ಬಿದ್ದರೆ ಎದ್ದು ಒಳಗೆ ಹೋಗುತ್ತಾಳೆ. ಅವಳಿಗೆ ಅವನು ಹೇಳಲಿಲ್ಲ.

ಒಂದು ಮಧ್ಯಾಹ್ನ ಭಾವ ಅಂಗಡಿಗೇ ಬಂದ.

“ನಾಳಿದ್ದು ನಿಮ್ಮಕ್ಕನ ಸೊಂಟದ ಆಪರೇಷನ್. ರಕ್ತ ಬೇಕಂತೆ, ನಿಂದೂ ಅದೇ ಗುಂಪು. ಹೇಗೂ ತೆಗೆಸಿ ಎಸೀತೀಯಲ್ಲ, ಈ ಸಲ ಅವಳಿಗೆ ಕೊಡಪ್ಪ.”

“ನನ್ನದು ಆಗಲ್ಲ ಭಾವ.”

“ಯಾಕಾಗಲ್ಲ?”

ತುಟಿಗೆ ಬಂದದ್ದನ್ನು ನುಂಗಿಕೊಂಡ. ಭಾವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಅಕ್ಕನಿಗೆ ಮುಟ್ಟುತ್ತದೆ. ಆಪರೇಷನ್ನಿಗೆ ಹೋಗುವವಳ ಎದೆಯ ಮೇಲೆ ಈ ಕಲ್ಲು ಬೇಡ.

“ರಕ್ತ ತೆಗೆದ್ರೆ ತಲೆಸುತ್ತು ಬರುತ್ತೆ. ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ.”

“ಕಸಕ್ಕೆ ಹಾಕುವಾಗ ಬರದ ತಲೆಸುತ್ತು ಅಕ್ಕನಿಗೆ ಅಂದ ತಕ್ಷಣ ಬಂತಾ? ಭೇಷ್!”

ಅಂಗಡಿಯ ವ್ಯಾನ್ ಡ್ರೈವರನದೂ ಅದೇ ಗುಂಪು. “ಏನೋ ಟೊಮ್ಯಾಟೊ, ಮೈತುಂಬ ರಕ್ತ ಇಟ್ಕೊಂಡು ನನ್ನಂಥ ಕಡ್ಡಿ ಪೈಲ್ವಾನನ ಹತ್ರ ಕೇಳ್ತೀಯಲ್ಲೋ!” ಎಂದು ನಗುತ್ತಲೇ ಬಂದು ಕೊಟ್ಟ.

ಆಪರೇಷನ್ ಸುಸೂತ್ರವಾಯಿತು. ಅಕ್ಕ ಚೇತರಿಸಿಕೊಂಡ ಮೇಲೆ, ಇಂದು ಹೇಳಿಯೇಬಿಡಬೇಕೆಂದು ಅವನು ಡ್ರೈವರನ ಜೊತೆ ವಾರ್ಡಿಗೆ ಬಂದ. ಮಂಚದ ಪಕ್ಕ ಇದ್ದದ್ದು ಒಂದೇ ಸ್ಟೂಲು.

“ನೀನು ಕೂತ್ಕೊಳ್ಳಪ್ಪ,” ಎಂದಳು ಅಕ್ಕ ಡ್ರೈವರನಿಗೆ. “ಒಡಹುಟ್ಟಿದವರು ಮಾಡದ್ದನ್ನ ನೀನು ಮಾಡಿದೆ.”

“ಅಯ್ಯೋ, ನನ್ನನ್ನ ಕರ್ಕೊಂಡು ಬಂದಿದ್ದೇ ಇವನು, ಅಕ್ಕಾ.”

“ಕರ್ಕೊಂಡು ಬರೋಕೆ ಆಟೋ ಸಾಕಾಗಿತ್ತು.”

ಡ್ರೈವರು ಮುಜುಗರದಿಂದ ಬೇಗನೆ ಹೊರಟ. ಇಬ್ಬರೇ ಉಳಿದರು.

“ಅಕ್ಕಾ...”

“ಕಾರಣ ಹೇಳ್ಬೇಡ. ಮೊದಮೊದಲು ಬೇಜಾರಾಯ್ತು, ಈಗ ಇಲ್ಲ. ನೀನು ಜಿಪುಣನಾದ್ರೂ ಆಗಿರು, ಗಟ್ಟಿಮುಟ್ಟಾಗಿದ್ದೀಯಲ್ಲ, ಅಷ್ಟು ಸಾಕು. ಅಮ್ಮನ ಹಾಗೆ ಇನ್ನೊಬ್ಬರನ್ನ ಮಲಗಿದಲ್ಲೇ ನೋಡೋ ಶಕ್ತಿ ನನಗಿಲ್ಲ ಕಣೋ.”

ಅವನು ಹೊದಿಕೆಯ ಅಂಚನ್ನು ಸರಿಮಾಡಿದ. “ಗಟ್ಟಿಮುಟ್ಟಾಗೇ ಇದ್ದೀನಿ,” ಎಂದ.

ಅಕ್ಕ ಕಣ್ಣು ಮುಚ್ಚಿದಳು. ಕೂತುಕೋ ಎನ್ನಲಿಲ್ಲ. ಅವಳ ಉಸಿರು ನಿದ್ದೆಯ ಲಯಕ್ಕೆ ಇಳಿಯುವವರೆಗೆ ನಿಂತೇ ಇದ್ದು, ಆಮೇಲೆ ಅವನು ಸದ್ದಾಗದಂತೆ ಸ್ಟೂಲಿನ ಮೇಲೆ ಕೂತ.