ಮುಷ್ಟಿಯೊಳಗಿನ ಮಣ್ಣು

ಕಾಸಾರಶಿರಸಿಯ ಬಾವಿಯಲ್ಲಿ ಈಜು ಕಲಿತ ಉಮಾಕಾಂತನಿಗೆ, ತಳ ಮುಟ್ಟಿದೊಡನೆ ಮುಷ್ಟಿ ಮಣ್ಣು ಹಿಡಿದು ನೆಲ ಒದ್ದು ಮೇಲೇಳುವುದೇ ರೂಢಿ. ಮಣ್ಣು ತೋರಿಸದಿದ್ದರೆ ತಳ ಮುಟ್ಟಿದ್ದನ್ನು ಯಾರೂ ನಂಬುತ್ತಿರಲಿಲ್ಲ. ರಕ್ಷಣಾ ತಂಡ ಸೇರಿ, ಬೆನ್ನಿಗೆ ಸಿಲಿಂಡರ್, ಕಾಲಿಗೆ ರಬ್ಬರ್ ಫಿನ್ ಕಟ್ಟಿದ ಮೇಲೆ, ಕಲಿಸುವ ಶಾಂಭವಿ ಮೇಡಂ ದಿನಾ ಗದರುತ್ತಿದ್ದರು: "ಒದಿಬ್ಯಾಡೋ! ಕಪ್ಪಿ ಹಂಗ ಸಾವಕಾಶ ಕಾಲ ಆಡಸು. ರಾಡಿ ಎದ್ದರ ಏನೂ ಕಾಣಂಗಿಲ್ಲ."

ಇಂದು ನಿಲಂಗಾ ಹತ್ತಿರದ ಕೆರೆಯ ತಳದಲ್ಲಿ, ನಿನ್ನೆ ಮುಳುಗಿದ ಮನಿಷಾಳ ಹಸಿರು ಬಳೆಯ ಕೈ ಕಂಡಿತು. ಹಾಳು ಕಾಲುಗಳು ಕಲಿತದ್ದೆಲ್ಲ ಮರೆತು ನೆಲವನ್ನು ಜಾಡಿಸಿ ಒದ್ದವು. ಎದ್ದ ರಾಡಿಯಲ್ಲಿ ಆ ಕೈ ಮಾಯವಾಯಿತು. ಸಿಲಿಂಡರ್ ಖಾಲಿಯಾಗುವವರೆಗೆ ತಡಕಿ, ಸೋತು ಮೇಲೆ ಬಂದ.

ದಂಡೆಯಲ್ಲಿ ಕೂತಿದ್ದ ಅವಳ ತಾಯಿ ಪ್ರಯಾಗಬಾಯಿ, ಅವನ ಬಿಗಿದ ಮುಷ್ಟಿ ನೋಡಿ ಓಡಿಬಂದಳು.

"ಏನ್ ಸಿಕ್ತೋ ಯಪ್ಪಾ? ತೋರಸು."

ಮುಷ್ಟಿ ಮುಚ್ಚಿದೆಯೆಂದು ಅವನಿಗೆ ಗೊತ್ತಾದದ್ದೇ ಆಗ. ಬಿಚ್ಚಿದ. ಮಣ್ಣಿತ್ತು.