ನಾಲ್ಕನೇ ನುಡಿ

ಬಸವಂತರಾಯನ ಹೆಣಕ್ಕೆ ರುಮಾಲು ಸುತ್ತುವ ನೆಪದಲ್ಲಿ ಪರಶುರಾಮ ಅದರ ಅಂಗಿಯ ಜೇಬಿಗೆ ಕೈ ಹಾಕಿದ್ದನ್ನು ಸರೋಜಾ ಕಂಡುಬಿಟ್ಟಳು.

"ಏನ್ ಹುಡ್ಕಾಕತ್ತಿ ಪರಶಣ್ಣ?"

"ಏನಿಲ್ಲವಾ, ಅಂಗಿ ಮುದುಡಿತ್ತು."

"ಬಸವಂತಮಾಮ ಯಾವತ್ತರ ಕಾಗದದಾಗ ಹಾಡು ಬರದಾನೇನು?"

ಪರಶುರಾಮ ದನಿ ತಗ್ಗಿಸಿದ. "ಖರೇ ಹೇಳು, ಹೊಸ ಹಾಡಿನ ನಾಕನೇ ನುಡಿ ನಿನಗ ಹೇಳ್ಯಾನೇನು?"

"ನನಗ ಗೊತ್ತಿದ್ರ ನಿನ್ನ ಕೈ ಯಾಕ ಕಾಯ್ತಿದ್ನಿ?"

ಕೆಂಭಾವಿಯ ಆ ಅಂಗಳದಲ್ಲಿ ಅಳುವವರು ಅಳುತ್ತಿದ್ದರು. ಇವರಿಬ್ಬರು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಇವರ ಹಾಡಿನ ಬಳಗದ ಮೂರನೆಯವನಾದ ಸುಲ್ತಾನಸಾಬ ಬಾಗಿಲಲ್ಲಿ ನಿಂತು ಇಬ್ಬರನ್ನೂ ಕಾಯುತ್ತಿದ್ದ. ಸಾವಿನ ಮನೆಯಲ್ಲಿ ಇದೆಂಥ ಬುದ್ಧಿ ಎಂದು ಸರೋಜಾಳಿಗೆ ನಾಚಿಕೆಯಾಯಿತು. ಆದರೂ ಕಣ್ಣು ಆ ಜೇಬನ್ನು ಬಿಡಲಿಲ್ಲ.

*

ಬಸವಂತರಾಯ ಕುರಿ ಕಾಯುತ್ತ ಪದ ಕಟ್ಟುವವನು. ಹೆಂಡತಿ ರೇಣಮ್ಮ ರೊಟ್ಟಿ ಬಡಿಯುತ್ತ ಅದಕ್ಕೆ ಧಾಟಿ ಹಾಕುವವಳು. ಆ ಹಾಡುಗಳನ್ನು ಹಾಡಿಯೇ ಈ ಮೂವರು 'ಗುಡ್ಡದ ಗೆಳೆಯರು' ಎಂಬ ಹೆಸರಲ್ಲಿ ಶಹಾಪುರ, ಸುರಪುರದ ಮದುವೆಗಳನ್ನು ಕುಣಿಸಿದ್ದರು. ಒಂದು ದಿನ, ಇನ್ನೂ ಹೊರಬರದ ಹಾಡೊಂದು ಯೂಟ್ಯೂಬಿನಲ್ಲಿ ಬೇರೆ ಯಾರದೋ ದನಿಯಲ್ಲಿ ಬಂತು. ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದರು. ಗುಂಪು ಮುರಿಯಿತು.

ಹಾಡು ಕೊಟ್ಟವಳು ಸರೋಜಾ. ನಿನ್ನೊಬ್ಬಳ ದನಿಯಲ್ಲೇ ಹಾಡಿಸುತ್ತೇನೆ ಎಂದಿದ್ದ ಸ್ಟುಡಿಯೋದವನು ಹಾಡನ್ನು ಇಟ್ಟುಕೊಂಡು ಅವಳನ್ನು ಕೈಬಿಟ್ಟಿದ್ದ. ಆರು ವರ್ಷ ಅವಳು ಇದನ್ನು ಯಾರಿಗೂ ಹೇಳಲಿಲ್ಲ.

ಈ ಯುಗಾದಿಗೆ ರೇಣಮ್ಮನೇ ಎಲ್ಲರನ್ನೂ ಕರೆಸಿದಳು. "ಹಳೇ ಹೆಸರು ಹೊಲಸಾಗ್ಯಾದ, ಬ್ಯಾರೆ ಇಡೂಣು" ಎಂದಳು. 'ಕರಿಕಂಬಳಿ ಬಳಗ' ಹುಟ್ಟಿತು. ಆದರೆ ಬಸವಂತರಾಯ ಸಂಜೆ ಕುರಿಗಳನ್ನು ಎರಡೆರಡು ಸಲ ಎಣಿಸುವ ಮನುಷ್ಯ. ಹೊಸ ಹಾಡಿನ ಒಂದೊಂದೇ ನುಡಿಯನ್ನು ಒಬ್ಬೊಬ್ಬರಿಗೆ, ಬೇರೆ ಬೇರೆಯಾಗಿ ಹೊಲಕ್ಕೆ ಕರೆದೊಯ್ದು ಕಲಿಸಿದ.

"ನಾಕನೇದು ರೆಕಾರ್ಡಿಂಗ್ ದಿನ ಹೇಳ್ತೀನಿ. ಹಿಂಗಾದ್ರ ಯಾರೂ ಕಳ್ಳರಾಗೂದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸರೋಜಾ ತಲೆ ತಗ್ಗಿಸಿದ್ದಳು. ಮಾಮನಿಗೆ ಗೊತ್ತಿತ್ತೇ? ಕೇಳುವ ಧೈರ್ಯ ಬರಲಿಲ್ಲ. ರೆಕಾರ್ಡಿಂಗ್ ಸೋಮವಾರ ಇತ್ತು. ಶನಿವಾರ ಅವನು ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ರೇಣಮ್ಮ ಕೈ ಅಡ್ಡ ಹಿಡಿದಳು.

"ತಡೀರಿ. ಅವಗ ಹಾಡು ಪೂರಾ ಕೇಳಿಸಿ ಕಳಸ್ತೀನಿ. ಹಾಡ್ರಿ ನೀವು."

ಮೂವರೂ ತಂತಮ್ಮ ನುಡಿ ಹಾಡಿದರು. ಒಬ್ಬರದನ್ನು ಇನ್ನೊಬ್ಬರು ಕೇಳಿದ್ದು ಅದೇ ಮೊದಲು. ಎಂಥ ಚೆಂದದ ಹಾಡು ಎನಿಸಿತು ಸರೋಜಾಳಿಗೆ. ಮೂರನೆಯದು ಮುಗಿಯುತ್ತಲೇ ರೇಣಮ್ಮ ಗಂಡನ ಕಿವಿಗೆ ಬಾಗಿ ನಾಲ್ಕನೆಯದನ್ನು ಮೆಲ್ಲಗೆ ಎತ್ತಿಕೊಂಡಳು.

ಧಾಟಿ ಹಾಕಿದವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಒಬ್ಬರನ್ನೊಬ್ಬರು ಕಾಯುವ ಭರದಲ್ಲಿ ಅವಳ ಕಡೆ ಯಾರೂ ನೋಡಿರಲೇ ಇಲ್ಲ.

ಪರಶುರಾಮ ಆಗಲೇ ಫೋನು ಮುಂದೆ ಚಾಚಿದ್ದ. ಸುಲ್ತಾನಸಾಬನೂ ಜನರನ್ನು ಸರಿಸುತ್ತ ಬರುತ್ತಿದ್ದ. ಎಲ್ಲರಿಗಿಂತ ಹತ್ತಿರವಿದ್ದವಳು ಸರೋಜಾ. ಇನ್ನೊಂದು ಗೇಣು ಬಾಗಿದರೆ ಇಡೀ ಹಾಡು ಅವಳದು. ಮೊದಲ ಮಾತು ಕಿವಿಗೆ ಬಿದ್ದೂಬಿಟ್ಟಿತು.

ಅವಳು ಹೆಣದ ಮುಂದೆ ಭಜನೆ ಮಾಡಲು ಬಂದು ಪಕ್ಕದಲ್ಲಿ ನಿಂತಿದ್ದವನ ಕೈಯಿಂದ ತಾಳ ಕಸಿದುಕೊಂಡಳು. ಪರಶುರಾಮ "ಏ, ನಿಂದ್ರಸು!" ಎಂದು ಚೀರಿದರೂ ಕೇಳದೆ, ರೇಣಮ್ಮನ ತುಟಿ ನಿಲ್ಲುವವರೆಗೆ, ಯಾರ ಕಿವಿಗೂ, ತನ್ನ ಕಿವಿಗೂ ಆ ನುಡಿ ಬೀಳದ ಹಾಗೆ ಬಾರಿಸಿದಳು.